ಬೆಟ್ಟ ನೋಡಿ ಕೇಳಿದ ಪ್ರಶ್ನೆ

ಹೀಬ್ರೂ ಭಾಷೆಯ ಎಂಟು ವಚನಗಳ ಯಾತ್ರೆಯ ಹಾಡೊಂದು ಕಾವೇರಿ ದಂಡೆಯ ಕಾಫಿ ಸೀಮೆಗೆ ಬಂದದ್ದು ಹೇಗೆ?

ಕೊಡಗಿನ ದುಬಾರೆಗೆ ಬರುವವರು ಆನೆ ನೋಡಲು ಬರುತ್ತಾರೆ. ಕಾವೇರಿ ದಾಟಿ, ಆನೆಗಳಿಗೆ ಮಾವುತರು ಮೈ ತಿಕ್ಕುವುದನ್ನು ನೋಡಿ, ಫೋಟೊ ತೆಗೆದುಕೊಂಡು ಕುಶಾಲನಗರದ ದಾರಿ ಹಿಡಿಯುತ್ತಾರೆ. ಹೊಳೆ ಹರಿದು ಬಂದ ದಿಕ್ಕಿಗೆ, ಸಿದ್ದಾಪುರದ ಕಡೆಗೆ ಹೋಗುವವರು ಕಡಿಮೆ. ಹೋದರೆ ಅಲ್ಲಿ ಆನಂದಪುರ ಎಂಬ ಹೆಸರು ಸಿಗುತ್ತದೆ. ಈಗ ಅದು ಕಾಫಿ ತೋಟದ ಹೆಸರಾಗಿಯೇ ಹೆಚ್ಚು ಪರಿಚಿತ. 1850ರ ದಶಕದ ಕೊನೆಯಲ್ಲಿ ಅದು ಹುಟ್ಟಿದ್ದು ಒಂದು ಕ್ರೈಸ್ತ ವಸಾಹತಾಗಿ. ಕಟ್ಟಿದವನು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವನು. ಅಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಜೀತದಲ್ಲಿದ್ದ, ಇಂದು ದಲಿತರೆಂದು ಗುರುತಿಸುವ ಜನ.

ಬೆಟ್ಟ, ಕಾಡು, ಹೊಳೆ, ಅಪಾಯದ ಕಾಲುದಾರಿ ಇರುವ ಈ ಸೀಮೆಗೆ ಬೈಬಲ್ಲಿನ 150 ಕೀರ್ತನೆಗಳಲ್ಲಿ 121ನೆಯದು ಹೇಳಿ ಮಾಡಿಸಿದಂತಿದೆ. ದಾರಿಗೆ ಹೊರಟ ಒಬ್ಬಾತ ಬೆಟ್ಟಗಳನ್ನು ಕಂಡು, ತನಗೆ ಒದಗುವವರು ಯಾರು ಎಂದು ಕೇಳಿಕೊಳ್ಳುತ್ತಾನೆ. ಭೂಮ್ಯಾಕಾಶಗಳನ್ನು ಮಾಡಿದವನೇ ಒದಗುತ್ತಾನೆ ಎಂಬುದು ಉತ್ತರ. ಮುಂದಿನ ಆರು ವಚನಗಳಲ್ಲಿ ಭರವಸೆಯ ಮೇಲೆ ಭರವಸೆ: ಕಾಲು ಜಾರದು, ಕಾಯುವವನಿಗೆ ಜೊಂಪು ಹತ್ತದು, ಹಗಲ ಬಿಸಿಲೂ ಇರುಳ ಬೆಳದಿಂಗಳೂ ಬಾಧಿಸವು. ಇಷ್ಟೇ ಹಾಡು. ಇದನ್ನು ಹೀಬ್ರೂ ಧಾತುಗಳವರೆಗೆ ಇಳಿದು ಧ್ಯಾನಿಸುವ ರೂಢಿ ಇಂದಿನ ಪ್ರಸಂಗಗಳಲ್ಲಿ, ದಿನಧ್ಯಾನದ ಪುಸ್ತಕಗಳಲ್ಲಿ ಸಾಮಾನ್ಯ. ಈ ರೂಢಿಗೆ ಐನೂರು ವರ್ಷಗಳ ಇತಿಹಾಸವಿದೆ; ಅದರ ಒಂದು ಕವಲು ಕೊಡಗಿಗೂ ಬಂದಿದೆ.

ಮೂಲದಲ್ಲಿ ಈ ಹಾಡಿಗೆ ‘ಆರೋಹಣಗಳ ಹಾಡು’ ಎಂಬ ತಲೆಬರಹವಿದೆ. 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳು ಈ ಗುಂಪಿನವು. ಪಸ್ಕ ಮತ್ತಿತರ ಹಬ್ಬಗಳಿಗೆ ಯೆರೂಸಲೇಮಿನ ಬೆಟ್ಟ ಹತ್ತುತ್ತಿದ್ದ ಯಾತ್ರಿಕರು ಇವನ್ನು ಹಾಡುತ್ತಿದ್ದರೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಯೆಹೂದ್ಯರ ಮಿಶ್ನಾ ಗ್ರಂಥ ದೇವಾಲಯದ ಹದಿನೈದು ಮೆಟ್ಟಿಲುಗಳಿಗೂ ಈ ಹದಿನೈದು ಹಾಡುಗಳಿಗೂ ನಂಟು ಕಲ್ಪಿಸುತ್ತದೆ. ಮುಂದೆ ಯೆಹೂದ್ಯರ ಮನೆಗಳಲ್ಲಿ ಬಾಣಂತಿಯ ಕೋಣೆಗೆ ತೂಗುಹಾಕುವ ರಕ್ಷಾಪತ್ರದ ಮೇಲೂ ಇದೇ 121ನೆಯ ಕೀರ್ತನೆ ಬಂದು ಕೂತಿತು.

ಕೊಡಗಿನ ಮಣ್ಣಿಗೆ ಕೀರ್ತನೆಗಳು ಮೊದಲು ಕಾಲಿಟ್ಟದ್ದು ಹೀಬ್ರೂವಿನಿಂದಲೂ ಅಲ್ಲ, ಕನ್ನಡದಲ್ಲಿಯೂ ಅಲ್ಲ. ಟಿಪ್ಪು ಸುಲ್ತಾನನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಚರಿತ್ರೆ 1792ರಿಂದ ಶುರುವಾಗುವುದು ಹಾಗೆ. ಅಲ್ಲಿಯ ಆರಾಧನೆಯ ಭಾಷೆ ಲ್ಯಾಟಿನ್. ಆ ಲ್ಯಾಟಿನ್ ಕೀರ್ತನೆಗಳು ಹೀಬ್ರೂವಿನಿಂದ ನೇರವಾಗಿ ಬಂದವಲ್ಲ, ಗ್ರೀಕ್ ಅನುವಾದದ ಮೂಲಕ ಬಂದವು. ಗ್ರೀಕ್ ಪಾಠದಲ್ಲಿ 9 ಮತ್ತು 10ನೆಯ ಕೀರ್ತನೆಗಳು ಒಂದಾಗಿರುವುದರಿಂದ ಎಣಿಕೆಯೂ ಬೇರೆ: ಹೀಬ್ರೂವಿನ 121 ಲ್ಯಾಟಿನ್‌ನಲ್ಲಿ 120. ಜನರ ಭಾಷೆಗಳಿಗೆ ಪೂಜೆಯ ಬಾಗಿಲು ಪೂರ್ತಿ ತೆರೆದದ್ದು 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ.

ಹೀಬ್ರೂವಿನ ದಾರಿ ಹೊರಡುವುದು ಜರ್ಮನಿಯ ಟ್ಯೂಬಿಂಗನ್ ಊರಿನಿಂದ. ಅದಕ್ಕೂ ಹಿಂದೆ ಹೋಗುವುದಾದರೆ ಸ್ಪೇನಿನ ಕೊರ್ಡೋಬಾ ನಗರದಿಂದ. ಹೀಬ್ರೂ ಕ್ರಿಯಾಪದಗಳೆಲ್ಲ ಮೂರು ವ್ಯಂಜನಗಳ ಧಾತುಗಳ ಮೇಲೆ ನಿಂತಿವೆ ಎಂಬುದನ್ನು ಸುಮಾರು ಕ್ರಿ.ಶ. 1000ದ ಹೊತ್ತಿಗೆ ಅಲ್ಲಿದ್ದ ಯೆಹೂದಾ ಹಯ್ಯೂಜ್ ಎಂಬ ಯೆಹೂದ್ಯ ವೈಯಾಕರಣ, ಅರಬ್ಬಿ ವ್ಯಾಕರಣದ ಬೆಳಕಿನಲ್ಲಿ ತೋರಿಸಿಕೊಟ್ಟ. ಎರಡು ಶತಮಾನದ ಬಳಿಕ ದಾವೀದ್ ಕಿಮ್ಹಿ ‘ಧಾತುಗಳ ಪುಸ್ತಕ’ ಎಂಬ ಹೆಸರಿನಲ್ಲೇ ನಿಘಂಟು ಬರೆದ, ಕೀರ್ತನೆಗಳಿಗೆ ವ್ಯಾಖ್ಯಾನವನ್ನೂ ಬರೆದ. ಕಿಮ್ಹಿಯ ವಿದ್ಯೆಯನ್ನು ಕ್ರೈಸ್ತರಿಗೆ ದಾಟಿಸಿದವನು ಯೊಹಾನಸ್ ರಾಯ್ಕ್ಲಿನ್. ಯೆಹೂದ್ಯ ಗುರುಗಳ ಬಳಿ ಕೂತು ಹೀಬ್ರೂ ಕಲಿತವನು, ಯೆಹೂದ್ಯರ ಗ್ರಂಥಗಳನ್ನು ಸುಡಬೇಕೆಂಬ ಕೂಗೆದ್ದಾಗ ಸುಡಬಾರದೆಂದು ವಾದಿಸಿ ಕಷ್ಟಕ್ಕೆ ಸಿಕ್ಕವನು. 1506ರಲ್ಲಿ ಹೀಬ್ರೂ ವ್ಯಾಕರಣ ಮತ್ತು ಕೋಶವನ್ನು ಅಚ್ಚು ಹಾಕಿಸಿದ. 1512ರಲ್ಲಿ ಏಳು ಪಶ್ಚಾತ್ತಾಪದ ಕೀರ್ತನೆಗಳನ್ನು ಹೀಬ್ರೂ ಮೂಲ, ಪದ ಪದದ ವಿವರಣೆಯ ಸಮೇತ ಟ್ಯೂಬಿಂಗನ್‌ನಲ್ಲಿ ಹೊರತಂದ. ಕ್ರೈಸ್ತ ಓದುಗ ಕೀರ್ತನೆಯನ್ನು ಧಾತು ಹಿಡಿದು ಓದುವುದಕ್ಕೆ ಅಚ್ಚಿನ ಲೋಕದಲ್ಲಿ ಹಾಕಿದ ಮೊದಲ ಮೆಟ್ಟಿಲುಗಳಲ್ಲಿ ಅದೂ ಒಂದು.

ಆ ಊರಿನ ವಿಶ್ವವಿದ್ಯಾಲಯದಲ್ಲೇ ಮೋಗ್ಲಿಂಗ್ ದೇವಶಾಸ್ತ್ರ ಓದಿ 1836ರಲ್ಲಿ ಮಂಗಳೂರಿಗೆ ಬಂದ. ಅಷ್ಟರಲ್ಲಿ ಕನ್ನಡ ಬೈಬಲ್ ಇತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1830ರ ದಶಕದ ಆರಂಭಕ್ಕೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ಅದನ್ನು ತಿದ್ದುವ ಕೆಲಸಕ್ಕೆ ಮೋಗ್ಲಿಂಗನ ಸೋದರ ಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಹೆಗಲು ಕೊಟ್ಟ. ಆ ಕೆಲಸ ಮುಗಿಯುವ ಮುಂಚೆಯೇ 1855ರಲ್ಲಿ ತೀರಿಕೊಂಡ. ಮೇಜಿನ ಒಂದು ಪಕ್ಕ ಹೀಬ್ರೂ ಮೂಲ, ಇನ್ನೊಂದು ಪಕ್ಕ ಕನ್ನಡ ಪಂಡಿತರ ಕಿವಿ. ಪುಸ್ತಕಗಳ ಹೊದಿಕೆಯ ಮೇಲೆ ಹೆಸರು ಬಾರದ ಆ ಪಂಡಿತರಿಲ್ಲದೆ ಈ ಅನುವಾದಗಳು ಕನ್ನಡವಾಗುತ್ತಿರಲಿಲ್ಲ. ಅದೇ ಕಾಲದಲ್ಲಿ, 1850ರಲ್ಲಿ, ಮೋಗ್ಲಿಂಗ್ ಹರಿದಾಸರ ಹಾಡುಗಳನ್ನು ಸಂಗ್ರಹಿಸಿ ‘ದಾಸರ ಪದಗಳು’ ಎಂದು ಅಚ್ಚು ಹಾಕಿಸಿದ. ದಾಸರ ಕೀರ್ತನೆಗೂ ದಾವೀದನ ಕೀರ್ತನೆಗೂ ಕನ್ನಡದಲ್ಲಿ ಒಂದೇ ಹೆಸರು ನಿಂತಿರುವುದನ್ನು ನೋಡಿದರೆ, ಈ ಎರಡು ಭಕ್ತಿ ಲೋಕಗಳು ಒಂದೇ ಬಳಗದ ಕೈಯಲ್ಲಿ ಸಂಧಿಸಿದ್ದು ಗಮನಾರ್ಹ.

1853ರ ಆರಂಭದಲ್ಲಿ ಆಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದು ಸ್ತೆಫನ ಸೋಮಯ್ಯನಾದ. ಅವನ ಬೆನ್ನಿಗೆ ಮೋಗ್ಲಿಂಗ್ ಘಟ್ಟ ಹತ್ತಿದ. ಕೊಡಗು ಬ್ರಿಟಿಷರ ವಶವಾಗಿ ಆಗ ಇನ್ನೂ ಎರಡು ದಶಕ. ರಾಜರ ಕಾಲದ ‘ಭೂಮಿ ಜಮ್ಮದ ಆಳು’, ‘ಒಕ್ಕಲು ಜಮ್ಮದ ಆಳು’ ಎಂಬ ಮಾತುಗಳು ಜನರ ಬಾಯಲ್ಲಿದ್ದವು. ಮೊದಲಿನವರು ಮಣ್ಣಿಗೆ ಅಂಟಿದವರು, ಎರಡನೆಯವರು ಯಜಮಾನನ ಮನೆಗೆ ಅಂಟಿದವರು. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತಾದರೂ ಕಾಗದದ ಬಿಡುಗಡೆ ಗದ್ದೆಯವರೆಗೆ ಬರಲು ಕಾಲ ಹಿಡಿಯಿತು. ಇಂಥವರ ನಡುವೆ ಆನಂದಪುರ ಹುಟ್ಟಿತು. ಕಾಯುವವನು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯುತ್ತಾನೆ ಎಂಬುದು 121ನೆಯ ಕೀರ್ತನೆಯ ಕೊನೆಯ ಭರವಸೆ. ತನ್ನಿಷ್ಟಕ್ಕೆ ಹೋಗುವ, ಬರುವ ಹಕ್ಕೇ ಇಲ್ಲದಿದ್ದವರ ಮಕ್ಕಳು ಇದನ್ನು ಕನ್ನಡದಲ್ಲಿ ಕೇಳುವಂತಾದರು ಎಂಬುದೇ ಆ ಅನುವಾದದ ತೂಕ. ಆನಂದಪುರವನ್ನು ಬಿಟ್ಟು ಮೋಗ್ಲಿಂಗ್ 1860ರಲ್ಲಿ ತಾಯ್ನಾಡಿಗೆ ಮರಳಿದ. ಅಷ್ಟರಲ್ಲೇ, 1858ರಲ್ಲಿ, ಅವನ ಕನ್ನಡ ಸೇವೆಗೆ ಟ್ಯೂಬಿಂಗನ್ ಗೌರವ ಡಾಕ್ಟರೇಟ್ ಕೊಟ್ಟಿತ್ತು.

ಧಾತುವಿನ ಕಥೆಗೆ ಕೊಡಗಿನಲ್ಲಿ ಇನ್ನೊಂದು ಕೊಂಡಿ ಇದೆ: ಬಾಸೆಲ್ ಮಿಶನ್ನಿನವನೇ ಆದ ಫರ್ಡಿನೆಂಡ್ ಕಿಟ್ಟೆಲ್. ಪಾದ್ರಿಯ ಮಗನಾಗಿ ಎಳೆಯದರಲ್ಲೇ ಹೀಬ್ರೂ ಕಲಿತಿದ್ದ ಈತ 1870ರ ದಶಕದಲ್ಲಿ ಮಡಿಕೇರಿಯಲ್ಲಿದ್ದ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದ. ಕನ್ನಡದ ಧಾತುಗಳನ್ನು ಪಟ್ಟಿ ಮಾಡಿಕೊಟ್ಟ ಕೇಶಿರಾಜನೂ ಹೀಬ್ರೂ ಧಾತುಗಳನ್ನು ಪಟ್ಟಿ ಮಾಡಿದ ಕಿಮ್ಹಿಯೂ ಒಂದೇ ಹದಿಮೂರನೇ ಶತಮಾನದವರು. ಒಬ್ಬರಿಗೊಬ್ಬರು ಗೊತ್ತಿಲ್ಲದ ಆ ಎರಡು ಪರಂಪರೆಗಳೂ ಕಿಟ್ಟೆಲ್‌ನ ಪಾಂಡಿತ್ಯದಲ್ಲಿ ಕೂಡಿದವು. ಅದರ ಫಲ ಅವನ 1894ರ ಕನ್ನಡ ನಿಘಂಟು.

ಇಷ್ಟು ದೂರದ ಮೂಲಕ್ಕೆ ಹೋಗುವುದರಿಂದ ಭಕ್ತನಿಗೆ ಸಿಗುವುದೇನು? ಮೊದಲ ವಚನವನ್ನೇ ನೋಡೋಣ. ಲೂಥರನ ಜರ್ಮನ್ ಬೈಬಲ್ಲಿನಲ್ಲಿ, 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸಹಾಯ ಬೆಟ್ಟಗಳಿಂದಲೇ ಬರುವಂತೆ ವಾಕ್ಯ ಸಾಗುತ್ತದೆ. ಹೀಬ್ರೂವಿನಲ್ಲಿ ಅಲ್ಲಿರುವುದು ‘ಮೇಅಯಿನ್’, ಅಂದರೆ ‘ಎಲ್ಲಿಂದ’ ಎಂಬ ಪ್ರಶ್ನಾರ್ಥಕ. ಬೆಟ್ಟ ನೋಡಿದವನಿಗೆ ಧೈರ್ಯ ಬಂದಿಲ್ಲ, ಪ್ರಶ್ನೆ ಬಂದಿದೆ. ಆ ಬೆಟ್ಟಗಳಲ್ಲಿ ಕಳ್ಳರಿರಬಹುದು, ಅನ್ಯ ದೈವಗಳ ಗುಡಿಗಳಿರಬಹುದು, ಯೆರೂಸಲೇಮೇ ಇರಬಹುದು. ವ್ಯಾಖ್ಯಾನಕಾರರು ಒಂದೊಂದು ಹೇಳುತ್ತಾರೆ. ಇಂದು ಸಭೆಗಳಲ್ಲಿ ಓದುವ ಕನ್ನಡ ಸತ್ಯವೇದ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿಕೊಂಡಿದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಸುತ್ತಿನ ಗುಡ್ಡಗಳು ಮಳೆಗೆ ಕಳಚಿ ಮನೆಗಳ ಮೇಲೆ ಬಿದ್ದವು. ಅಲ್ಲಿಂದೀಚೆಗೆ ಆಟಿ ತಿಂಗಳಲ್ಲಿ ಬೆಟ್ಟದ ಕಡೆ ನೋಡುವವರ ಕಣ್ಣಿನಲ್ಲಿರುವುದೂ ಪ್ರಶ್ನೆಯೇ.

ಇನ್ನು ಉತ್ತರದ ಭಾಗ. ಶ–ಮ–ರ ಎಂಬ ಧಾತು ಈ ಎಂಟು ವಚನಗಳಲ್ಲಿ ಆರು ಸಲ ಬರುತ್ತದೆ. ಕಾವಲಿರು, ಕಾಪಾಡು, ಕೈಕೊಂಡು ನಡೆ ಎಂಬುದು ಅದರ ಅರ್ಥದ ಹರವು. ಕಾವಲುಗಾರ ‘ಶೋಮೇರ್’, ಇರುಳಿನ ಜಾವಕ್ಕೆ ‘ಅಶ್ಮುರಾ’ ಎಂಬ ಪದವೂ ಇದೇ ಧಾತುವಿನದು. ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಗೋರಿಗಳಲ್ಲಿ 1979ರಲ್ಲಿ ಸಿಕ್ಕ ಪುಟ್ಟ ಬೆಳ್ಳಿ ಸುರುಳಿಗಳ ಮೇಲೆ, ಯಾಜಕರ ಆಶೀರ್ವಚನದಲ್ಲಿ, ಇದೇ ಕ್ರಿಯಾಪದವಿದೆ. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಯಾರೋ ಅದನ್ನು ತಾಯಿತದಂತೆ ಧರಿಸಿದ್ದರು. ಕನ್ನಡ ಅನುವಾದಕರು ಇದಕ್ಕೆ ‘ಕಾಯು’, ‘ಕಾಪಾಡು’ ಎಂಬ ಅಚ್ಚಗನ್ನಡ ಮಾತುಗಳನ್ನೇ ಹಿಡಿದರು.

ಹಾಡಿನ ನಡೆಯೂ ಗಮನಿಸುವಂಥದ್ದು. ಒಂದು ವಚನ ಮುಗಿದ ‘ಸಹಾಯ’ದಿಂದಲೇ ಮುಂದಿನದು ಏಳುತ್ತದೆ, ಮೂರನೆಯದರ ಜೊಂಪನ್ನು ನಾಲ್ಕನೆಯದು ಎತ್ತಿಕೊಳ್ಳುತ್ತದೆ. ನಮ್ಮ ಆಲಂಕಾರಿಕರು ಮುಕ್ತಪದಗ್ರಸ್ತ ಎಂದು ಕರೆಯುವ ಬಗೆ ಇದು. ಬಿಟ್ಟ ಪದವನ್ನೇ ಹಿಡಿದು ಮೇಲಕ್ಕೆ ಹೋಗುವುದರಿಂದ ‘ಆರೋಹಣ’ ಎಂಬ ಹೆಸರು ಹಾಡಿನ ಕಟ್ಟಿಗೂ ಒಪ್ಪುತ್ತದೆ.

ಸಿದ್ದಾಪುರ, ನೆಲ್ಲಿಹುದಿಕೇರಿ, ದುಬಾರೆ ಸೀಮೆಯಲ್ಲಿ ಕಾವಲು ಎಂಬುದು ದಿನಬಳಕೆಯ ಸಂಗತಿ. ಕಾಡಾನೆ ತೋಟಕ್ಕಿಳಿದು ಬೆಳಗಿನ ಕೆಲಸಕ್ಕೆ ಹೊರಟ ಕಾರ್ಮಿಕರ ಮೇಲೆರಗಿದ ಸುದ್ದಿ ಇಲ್ಲಿ ಮತ್ತೆ ಮತ್ತೆ ಬರುತ್ತದೆ. ಕಂದಕ ತೋಡಿದ್ದಾರೆ, ಸೌರಬೇಲಿ ಎಳೆದಿದ್ದಾರೆ, ಹಳೆಯ ರೈಲು ಹಳಿಗಳನ್ನು ನೆಟ್ಟಿದ್ದಾರೆ. ತಂಟೆಯ ಆನೆಯನ್ನು ಹಿಡಿಯಲು ಹೊರಡುವುದು ದುಬಾರೆಯ ಪಳಗಿದ ಆನೆಗಳೇ, ಅವುಗಳ ಮೇಲೆ ಕೂರುವವರು ಜೇನುಕುರುಬ ಸಮುದಾಯದ ಮಾವುತರೇ. ಇಂಥಲ್ಲಿ ‘ಕೇಡು ತಟ್ಟದು’ ಎಂಬ ಮಾತನ್ನು ವಿಮೆಯ ಕರಾರಿನಂತೆ ಓದಿದರೆ ಮೊದಲ ಸಾವಿಗೇ ಅದು ಸುಳ್ಳಾಗುತ್ತದೆ. ಶೋಮೇರ್ ಬೇಲಿಯಲ್ಲ, ಎಚ್ಚರವಿರುವವನು. ಅಪಾಯವೇ ಇಲ್ಲದ ದಾರಿಗೆ ಕಾವಲುಗಾರ ಬೇಕಿರಲಿಲ್ಲ.

ಧಾತು ಹಿಡಿದು ಧ್ಯಾನಿಸುವವರು ಜಾರುವ ಜಾಗವೂ ಇಲ್ಲೇ ಇದೆ. ನಿಘಂಟಿನಲ್ಲಿರುವ ಅರ್ಥಗಳನ್ನೆಲ್ಲ ಒಂದೇ ವಚನದ ಮೇಲೆ ಸುರಿಯುವ ಚಪಲವನ್ನು ಸ್ಕಾಟ್ಲೆಂಡಿನ ವಿದ್ವಾಂಸ ಜೇಮ್ಸ್ ಬಾರ್ 1961ರಲ್ಲೇ ಕಟುವಾಗಿ ಟೀಕಿಸಿದ್ದರು. ಕನ್ನಡದ ಪ್ರಸಂಗಿಗೆ ಇನ್ನೊಂದು ಗುಂಡಿ ಇದೆ. ನಮ್ಮಲ್ಲಿ ‘ಕಾಯು’ ಎಂದರೆ ಎದುರು ನೋಡುವುದೂ ಹೌದು. ದೇವರು ನಮಗಾಗಿ ಬಾಗಿಲಲ್ಲಿ ಕಾಯುತ್ತಾನೆ ಎಂದು ಈ ಕೀರ್ತನೆಯಿಂದ ಸೊಗಸಾದ ಪ್ರಸಂಗ ಕಟ್ಟಬಹುದು. ಹೀಬ್ರೂ ಹಾಡಿನಲ್ಲಿ ಆ ಅರ್ಥ ಇಲ್ಲ. ಕೇಶಿರಾಜ ಸೂತ್ರ ಹೇಳಿ ಸುಮ್ಮನಾಗದೆ ಕವಿಗಳ ಪ್ರಯೋಗ ತೋರಿಸುತ್ತಾನೆ. ಅದೇ ಶಿಸ್ತು ಇಲ್ಲಿಗೂ ಬೇಕು.

ಪ್ರಯೋಗವನ್ನೇ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮೊದಲೆರಡು ವಚನಗಳಲ್ಲಿ ‘ನಾನು’ ಇದೆ. ಮೂರರಿಂದ ಎಂಟರವರೆಗೆ ‘ನೀನು’, ಅದೂ ಏಕವಚನ. ಇಂದಿನ ಇಂಗ್ಲಿಷಿನಲ್ಲಿ ಮಸುಕಾಗುವ ಈ ಭೇದ ಹೀಬ್ರೂವಿನಲ್ಲೂ ಕನ್ನಡದಲ್ಲೂ ಸ್ಪಷ್ಟ. ದನಿ ಬದಲಾಗಿದೆ. ಯಾತ್ರಿಕನನ್ನು ಬೀಳ್ಕೊಡುವ ಯಾಜಕನೋ, ಜೊತೆಯಲ್ಲಿ ನಡೆಯುವವನೋ, ಮನೆಯ ಹಿರಿಯನೋ ಉತ್ತರ ಕೊಡುತ್ತಿದ್ದಾನೆ ಎಂದು ಅನೇಕ ವ್ಯಾಖ್ಯಾನಕಾರರು ಓದುತ್ತಾರೆ. ಹಾಗಿದ್ದರೆ ಇದನ್ನು ಒಬ್ಬರೇ ಓದಿ ಮುಗಿಸುವುದಕ್ಕಿಂತ ಇಬ್ಬರು ಓದುವುದು ಮೂಲಕ್ಕೆ ಹತ್ತಿರ. ಹೊರಟವನು ಪ್ರಶ್ನೆ ಕೇಳುತ್ತಾನೆ, ನಂಬಿಕೆಯನ್ನೂ ಹೇಳಿಕೊಳ್ಳುತ್ತಾನೆ; ಉಳಿದ ಆರು ವಚನಗಳನ್ನು ಇನ್ನೊಬ್ಬರು ಅವನಿಗೆ ಹೇಳಬೇಕು. ಹೇಳುವವರು ಯಾರೂ ಇಲ್ಲದಿದ್ದರೆ ಕೀರ್ತನೆ ಎರಡನೆಯ ವಚನದಲ್ಲೇ ನಿಂತುಹೋಗುತ್ತದೆ.