ಮೋಟಾರು ಸೈಕಲ್ಲಿನ ಫೋರ್ಕಿನಲ್ಲಿ ಎಣ್ಣೆಯ ಸೋರಿಕೆ

ಮೋಟಾರು ಸೈಕಲ್ಲಿನ ಮುಂಚಕ್ರದ ಎಡಬಲಗಳಲ್ಲಿ ಹೊಳೆಯುವ ಎರಡು ಕೊಳವೆಗಳಿರುವುದನ್ನು ಎಲ್ಲರೂ ನೋಡಿರುತ್ತಾರೆ. ಕೆಲವು ವರ್ಷ ಓಡಿದ ಗಾಡಿಯಲ್ಲಿ ಈ ಕೊಳವೆಯ ಸುತ್ತ ಎಣ್ಣೆಯ ಜಿಡ್ಡು ಉಂಗುರದಂತೆ ಕಟ್ಟಿ, ಅದಕ್ಕೆ ಧೂಳು ಮೆತ್ತಿ, ಕ್ರಮೇಣ ಹನಿಹನಿಯಾಗಿ ಕೆಳಕ್ಕೆ ಇಳಿಯತೊಡಗುವುದುಂಟು. ಸವಾರರಲ್ಲಿ ಬಹುಮಂದಿ ಇದನ್ನು ಬಟ್ಟೆಯಿಂದ ಒರಸಿ ಮರೆತುಬಿಡುತ್ತಾರೆ. ಎಂಜಿನ್ನು ಓಡುತ್ತಿದೆ, ಗಾಡಿ ಹೋಗುತ್ತಿದೆ. ಒಂದಿಷ್ಟು ಎಣ್ಣೆ ಹೋದರೆ ಏನಾಯಿತು ಎಂಬುದು ಅವರ ವಾದ. ಏನಾಗುತ್ತದೆ ಎಂಬುದನ್ನು ನಾವು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ನಮ್ಮ ರಸ್ತೆಗಳಲ್ಲಿ ಕಾಣುವ ಬಹುಪಾಲು ಗಾಡಿಗಳಲ್ಲಿ ಫೋರ್ಕಿನ ಪ್ರತಿಯೊಂದು ಕಾಲೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದ ಆದುದು. ಮೇಲಿನಿಂದ ಇಳಿದುಬರುವುದು ಕ್ರೋಮಿಯಂ ಲೇಪಿಸಿದ ಉಕ್ಕಿನ ಕೊಳವೆ. ಅದು ಹೊಕ್ಕು ಕುಳಿತಿರುವ ಕೆಳಗಿನ ಹೊರಕೊಳವೆ ಸಾಮಾನ್ಯವಾಗಿ ಅಲ್ಯುಮಿನಿಯಂ ಮಿಶ್ರಲೋಹದ್ದು. ಒಳಗೆ ಉದ್ದನೆಯ ಸುರುಳಿ ಸ್ಪ್ರಿಂಗೂ ಅಳೆದು ಹಾಕಿದ ಎಣ್ಣೆಯೂ ಇರುವುವು. ಸ್ಪ್ರಿಂಗು ಹಳ್ಳದ ಏಟನ್ನು ನುಂಗಬಲ್ಲದೇ ಹೊರತು ಅರಗಿಸಿಕೊಳ್ಳಲಾರದು. ನುಂಗಿದ ಶಕ್ತಿಯನ್ನು ಮರುಕ್ಷಣದಲ್ಲೇ ಹಿಂದಕ್ಕೆ ಕೊಡುತ್ತದೆ. ಆ ಶಕ್ತಿಯನ್ನು ಕರಗಿಸುವ ಕೆಲಸ ಎಣ್ಣೆಯದು. ಸಣ್ಣ ರಂಧ್ರಗಳ ಮೂಲಕ ಬಲವಂತವಾಗಿ ಹಾಯುವಾಗ ಎಣ್ಣೆ ಕುಪ್ಪಳಿಸುವ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸಿ ಆಂದೋಲನವನ್ನು ತಣಿಸುತ್ತದೆ. ಹೀಗೆ ಎಣ್ಣೆಯಿಂದ ತಣಿಸುವ ಜಾರುಗೊಳವೆಯ ಫೋರ್ಕನ್ನು 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ ತನ್ನ ಗಾಡಿಗಳಲ್ಲಿ ಅಳವಡಿಸಿ ಮಾರುಕಟ್ಟೆಗೆ ತಂದಿತು.

ಈಗ ಎಣ್ಣೆ ಸೋರಿಹೋದ ಫೋರ್ಕನ್ನು ಕಲ್ಪಿಸಿಕೊಳ್ಳೋಣ. ಮುಂಭಾಗದ ಸ್ಪ್ರಿಂಗುಗಳ ಮೇಲೆ 80 ಕಿಲೋಗ್ರಾಂ ಭಾರವಿದೆ, ಅಂದರೆ ಸುಮಾರು 800 ನ್ಯೂಟನ್. ಎರಡೂ ಸ್ಪ್ರಿಂಗುಗಳನ್ನು ಕೂಡಿಸಿ ಒಂದು ಮಿಲಿಮೀಟರು ಅದುಮಲು 10 ನ್ಯೂಟನ್ ಬಲ ಬೇಕು ಎಂದು ಇಟ್ಟುಕೊಂಡರೆ, ಒಂದು ಉಬ್ಬನ್ನು ದಾಟಿದ ಗಾಡಿ ಸೆಕೆಂಡಿಗೆ ಸುಮಾರು 1.8 ಸಲ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಇದು ಸುಮಾರು ಎಂಟು ಮೀಟರಿಗೊಂದು ಕುಪ್ಪಳಿಕೆ. ಗಾಡಿ ಮೂರು ಸೆಂಟಿಮೀಟರು ಮೇಲೆದ್ದ ಕ್ಷಣದಲ್ಲಿ ಸ್ಪ್ರಿಂಗು ಚಕ್ರವನ್ನು ಒತ್ತುವ ಬಲ 300 ನ್ಯೂಟನ್ ಕಡಮೆಯಾಗಿ 500ಕ್ಕೆ ಇಳಿಯುತ್ತದೆ. ಟೈರಿನ ಹಿಡಿತವು ಅದನ್ನು ನೆಲಕ್ಕೆ ಒತ್ತುವ ಬಲಕ್ಕೆ ಅನುಗುಣವಾದುದು. ಎಂಟರಲ್ಲಿ ಮೂರು ಪಾಲು ಹಿಡಿತ ಹೋಗಿರುವ ಆ ಕ್ಷಣದಲ್ಲೇ, ಮಳೆ ಬಿದ್ದ ರಸ್ತೆಯಲ್ಲಿ, ಎಮ್ಮೆಯೊಂದು ಅಡ್ಡ ಬಂದು ಸವಾರನು ಮುಂದಿನ ಬ್ರೇಕನ್ನು ಹಿಡಿದರೆ ಚಕ್ರ ಕಚ್ಚಿಕೊಂಡು ಜಾರುವುದು ಆಶ್ಚರ್ಯವಲ್ಲ. ಸೋರಿದ ಎಣ್ಣೆ ಬ್ರೇಕಿನ ತಟ್ಟೆಗೋ ಪ್ಯಾಡುಗಳಿಗೋ ತಗುಲಿದ್ದರಂತೂ ಬ್ರೇಕು ಹಿಡಿಯುವುದೇ ಸಂದೇಹ.

ಇಷ್ಟು ಹೊಣೆಯನ್ನು ಹೊತ್ತಿರುವುದು ಆಯಿಲ್ ಸೀಲು ಎಂಬ ಒಂದು ರಬ್ಬರು ಬಳೆ. 1929ರಲ್ಲಿ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರು ತಿರುಗುವ ದಂಡಗಳಿಗಾಗಿ ರೂಪಿಸಿದ ಸೀಲಿನಲ್ಲಿ ತುಟಿ ಚರ್ಮದ್ದಾಗಿತ್ತು. ಮುಂದೆ ಆ ಸ್ಥಾನಕ್ಕೆ ಎಣ್ಣೆಗೆ ಕರಗದ ಕೃತಕ ರಬ್ಬರು ಬಂದಿತು. ಫೋರ್ಕಿನ ಸೀಲೂ ಅದೇ ಕುಲದ್ದು: ಹೊರಗೆ ಉಕ್ಕಿನ ಬಳೆ, ಒಳಗೆ ರಬ್ಬರಿನ ತುಟಿ, ತುಟಿಯನ್ನು ಕೊಳವೆಗೆ ಅಪ್ಪಿಸಲು ಕೂದಲೆಳೆಯಂತಹ ಸ್ಪ್ರಿಂಗಿನ ಉಡಿದಾರ. ತುಟಿ ಪೂರ್ಣವಾಗಿ ಒಣಗಿದರೆ ಬೇಗ ಸವೆಯುತ್ತದೆ. ಆದುದರಿಂದ ಕೊಳವೆಯ ಮೇಲೆ ಅತಿ ತೆಳುವಾದ ಎಣ್ಣೆಯ ಪೊರೆ ಇರುವುದು ದೋಷವಲ್ಲ. ಉಂಗುರ ಕಟ್ಟಿ ಹನಿಯುವುದೇ ದೋಷ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸೀಲು ಸೋರಿದರೆ ತಪ್ಪು ಸೀಲಿನದೇ ಎಂದು ನಂಬಿ ಹೊಸದನ್ನು ತುರುಕಿ ಕಳುಹಿಸುವ ರಿಪೇರಿ ಎಲ್ಲ ಊರುಗಳಲ್ಲೂ ಉಂಟು. ಎರಡು ತಿಂಗಳಲ್ಲಿ ಮತ್ತೆ ಎಣ್ಣೆ, ಮತ್ತೆ ಖರ್ಚು. ನಿಜವಾದ ಅಪರಾಧಿ ಅನೇಕ ವೇಳೆ ಕೊಳವೆ. ಮಲೆನಾಡಿನ ಮಳೆಗಾಲದಲ್ಲಿ ಕ್ರೋಮಿಯಂ ಪದರವನ್ನು ಭೇದಿಸಿ ತುಕ್ಕು ಸೂಜಿಮೊನೆಯಷ್ಟು ಗುಳಿ ತೋಡುತ್ತದೆ. ಆ ಗುಳಿಯ ಅಂಚು ಪ್ರತಿ ಕುಪ್ಪಳಿಕೆಯಲ್ಲೂ ತುಟಿಯನ್ನು ಅರದಂತೆ ಉಜ್ಜುತ್ತದೆ. ಕೊಳವೆಗೆ ಮೆತ್ತಿ ಒಣಗಿದ ಕೆಸರೂ ಎಮರಿ ಕಾಗದದ ಕೆಲಸವನ್ನೇ ಮಾಡುತ್ತದೆ.

ಆದುದರಿಂದ ಸ್ಪ್ಯಾನರು ಹಿಡಿಯುವ ಮೊದಲು ಪರೀಕ್ಷೆ. ಸೀಲಿನ ಮೇಲಿನ ಧೂಳುಮುಚ್ಚಳವನ್ನು ಎತ್ತಿ, ಹಳೆಯ ಎಕ್ಸ್‌ರೇ ಫಿಲ್ಮಿನ ನಯವಾದ ಪಟ್ಟಿಯೊಂದನ್ನು ತುಟಿಗೂ ಕೊಳವೆಗೂ ನಡುವೆ ಮೆಲ್ಲನೆ ತೂರಿಸಿ ಸುತ್ತಲೂ ಎಳೆದರೆ ಸಿಕ್ಕಿಕೊಂಡ ಮರಳ ಕಣ ಹೊರಬರುವುದುಂಟು. ಎಷ್ಟೋ ಸೋರಿಕೆಗಳು ಇಷ್ಟರಿಂದಲೇ ನಿಲ್ಲುತ್ತವೆ. ಬಳಿಕ ಹತ್ತಿಯ ಉಂಡೆಯೊಂದನ್ನು ಕೊಳವೆಯ ಮೇಲೆ ಓಡಿಸಬೇಕು. ಎಳೆ ಸಿಕ್ಕಿಕೊಂಡ ಕಡೆ ಗೀರೋ ಗುಳಿಯೋ ಇದೆ ಎಂದರ್ಥ. ಸಣ್ಣ ಗೀರಿನ ಅಂಚನ್ನು ಅತಿ ನಯವಾದ ಎಮರಿ ಕಾಗದಕ್ಕೆ ಎಣ್ಣೆ ಸವರಿ, ಉದ್ದಕ್ಕಲ್ಲ, ಸುತ್ತಲೂ ಉಜ್ಜಿ ತಗ್ಗಿಸಬಹುದು. ಸೀಲು ಜಾರುವ ಭಾಗದಲ್ಲಿ ಗುಳಿಗಳು ತುಂಬಿದ್ದರೆ ಕೊಳವೆಯನ್ನೇ ಬದಲಿಸಬೇಕು, ಇಲ್ಲವೆ ಮತ್ತೆ ಕ್ರೋಮಿಯಂ ಹಾಕಿಸಬೇಕು.

ಬಿಚ್ಚುವ ಕೆಲಸ ಕಷ್ಟವಲ್ಲ, ಆದರೆ ಅದಕ್ಕೊಂದು ಕ್ರಮವಿದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನ್ನಿನ ಕೆಳಗೆ ಮರದ ದಿಮ್ಮಿಯನ್ನು ಭದ್ರವಾಗಿ ಇಡಬೇಕು. ಕಾಲಿನ ಮೇಲ್ತುದಿಯ ಮುಚ್ಚಳವನ್ನೂ ತಳದ ಅಲೆನ್ ಬೋಲ್ಟನ್ನೂ ಕಾಲು ಗಾಡಿಯಲ್ಲಿ ಬಿಗಿಯಾಗಿರುವಾಗಲೇ ತುಸು ಸಡಿಲಿಸಿಡಬೇಕು. ತಳದ ಬೋಲ್ಟು ಹಿಡಿದಿರುವ ಒಳದಂಡವು ತಿರುಗದಂತೆ ತಡೆಯುವುದು ಸ್ಪ್ರಿಂಗಿನ ಒತ್ತಡವೇ. ಸ್ಪ್ರಿಂಗನ್ನು ಮೊದಲು ತೆಗೆದವರು ಬೋಲ್ಟನ್ನೂ ದಂಡವನ್ನೂ ಕೂಡಿಯೇ ತಿರುಗಿಸುತ್ತ ಸಂಜೆಯವರೆಗೆ ಕೂರಬೇಕಾದೀತು! ಚಕ್ರವನ್ನು ತೆಗೆದ ಮೇಲೆ ಡಿಸ್ಕ್ ಬ್ರೇಕಿನ ಕ್ಯಾಲಿಪರನ್ನು ಅದರ ಕೊಳವೆಗೆ ಜೋತುಬೀಳಲು ಬಿಡದೆ ದಾರದಿಂದ ಕಟ್ಟಬೇಕು. ಬ್ರೇಕಿನ ಹಿಡಿಯನ್ನು ಯಾರೂ ಒತ್ತಬಾರದು. ಮೇಲಿನ ಮುಚ್ಚಳದ ಕೊನೆಯ ಸುತ್ತುಗಳನ್ನು ಬಿಚ್ಚುವಾಗ ಮುಖವನ್ನು ದೂರವಿಟ್ಟು, ದಪ್ಪ ಬಟ್ಟೆ ಹಾಕಿ ಅದುಮಿ ಹಿಡಿಯಬೇಕು; ಒಳಗಿರುವುದು ಅದುಮಿಟ್ಟ ಸ್ಪ್ರಿಂಗು.

ಹಳೆಯ ಎಣ್ಣೆಯನ್ನು ಸುರಿದು, ಕೊಳವೆಗಳನ್ನು ಬೇರ್ಪಡಿಸಿ, ಸರ್ಕ್ಲಿಪ್ಪನ್ನು ತೆಗೆದ ಮೇಲೆ ಹಳೆಯ ಸೀಲು ಉಳಿಯುತ್ತದೆ. ಇದನ್ನು ಸ್ಕ್ರೂಡ್ರೈವರಿನಿಂದ ಒರಟಾಗಿ ಮೀಟಿದರೆ ಸೀಲು ಕೂರುವ ಗೋಡೆಗೆ ಗೀರು ಬಿದ್ದು ಹೊಸ ಸೀಲಿನ ಹೊರಬದಿಯಿಂದಲೇ ಎಣ್ಣೆ ಸೋರುವುದು. ಇಲ್ಲಿ ಭೌತಶಾಸ್ತ್ರವು ನೆರವಿಗೆ ಬರುತ್ತದೆ. ಹೊರಕೊಳವೆಯ ಬಾಯಿಗೆ ಕುದಿನೀರು ಹೊಯ್ದು ಅದರ ಉಷ್ಣತೆಯನ್ನು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಿದರೆ, 40 ಮಿಲಿಮೀಟರು ವ್ಯಾಸದ ಅಲ್ಯುಮಿನಿಯಂ ಬಾಯಿ ಸುಮಾರು 0.055 ಮಿಲಿಮೀಟರು ಹಿಗ್ಗುತ್ತದೆ. ಉಕ್ಕಿನ ಬಳೆ ಅದರ ಅರ್ಧದಷ್ಟೇ ಹಿಗ್ಗುವುದರಿಂದ ಬಿಗಿತ ಸಡಿಲುತ್ತದೆ. ಮರದ ಚೂರನ್ನು ಆಸರೆಯಾಗಿಟ್ಟು ಮೀಟಿದರೆ ಸೀಲು ಮೇಲೆದ್ದು ಬರುತ್ತದೆ. ಹೊಸದನ್ನು ಕೂರಿಸುವಾಗಲೂ ಬಾಯಿಯನ್ನು ಬಿಸಿಮಾಡಿ, ತೇವವನ್ನು ಚೆನ್ನಾಗಿ ಒರಸಿ, ತಣ್ಣನೆಯ ಸೀಲನ್ನು ಇಟ್ಟು, ಅದರ ಮೇಲೆ ಹಳೆಯ ಸೀಲನ್ನೇ ಇರಿಸಿ ಪಿ.ವಿ.ಸಿ. ಕೊಳವೆಯ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟಬೇಕು. ಕೊಳವೆಯ ತುದಿಯ ಮೇಲಿಂದ ಸೀಲನ್ನು ತೊಡಿಸುವ ಬಗೆಯದಾದರೆ ಆ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ತುಟಿಗೆ ಎಣ್ಣೆ ಸವರುವುದು ಅವಶ್ಯ.

ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿದಷ್ಟೇ, ಎರಡೂ ಕಾಲುಗಳಿಗೆ ಸಮನಾಗಿ, ಅಳತೆಯ ಜಾಡಿಯಿಂದ ಹಾಕತಕ್ಕದ್ದು. "ಇರಲಿ, ಇನ್ನಷ್ಟು" ಎಂಬ ಔದಾರ್ಯ ಇಲ್ಲಿ ಸಲ್ಲದು. ಎಣ್ಣೆಯ ಮೇಲೆ ಗಾಳಿಯ ಒಂದು ಕಂಬವಿದೆ. ಫೋರ್ಕು ಅದುಮಿದಾಗ ಅದೂ ಅದುಮುತ್ತದೆ. ಕಂಬದ ಎತ್ತರ 15 ಸೆಂಟಿಮೀಟರು ಇದ್ದು, ಗಾಡಿ ಕುಗ್ಗಿದಾಗ 5ಕ್ಕೆ ಇಳಿದರೆ ಬಾಯಿಲನ ನಿಯಮದಂತೆ ಒತ್ತಡ ಮೂರು ಪಟ್ಟಾಗುತ್ತದೆ. ಮೂರು ಸೆಂಟಿಮೀಟರು ಎಣ್ಣೆ ಹೆಚ್ಚಾಯಿತೆನ್ನಿ: ಈಗ ಕಂಬ 12ರಿಂದ 2ಕ್ಕೆ ಇಳಿಯುತ್ತದೆ, ಒತ್ತಡ ಆರು ಪಟ್ಟು! ಹೊಸ ಸೀಲನ್ನು ಹಾಕಿದ ವಾರದಲ್ಲೇ ಸೋರತೊಡಗುವ ಎಷ್ಟೋ ಫೋರ್ಕುಗಳ ಗುಟ್ಟು ಇದೇ ಇದ್ದೀತು.

ತಳದ ಬೋಲ್ಟಿಗೆ ಹೊಸ ತಾಮ್ರದ ವಾಷರು ಹಾಕಿ, ಎಲ್ಲವನ್ನೂ ಜೋಡಿಸಿ, ರಸ್ತೆಗಿಳಿಯುವ ಮುನ್ನ ಮುಂದಿನ ಬ್ರೇಕನ್ನು ಹಿಡಿದು ಹ್ಯಾಂಡಲನ್ನು ನಾಲ್ಕಾರು ಸಲ ಒತ್ತಿಬಿಡಬೇಕು. ಒತ್ತಿ ಬಿಟ್ಟ ಗಾಡಿ ಒಮ್ಮೆ ಏಳುತ್ತ ನಿಂತರೆ ಎಣ್ಣೆ ಕೆಲಸ ಮಾಡುತ್ತಿದೆ. ಮೊದಲ ದಿನ ಕೊಳವೆಯ ಮೇಲೆ ತೆಳುವಾದ ಒಂದು ಗೆರೆ ಕಾಣಿಸಿಕೊಂಡರೆ ಅದು ಜೋಡಿಸುವಾಗ ಸವರಿದ ಎಣ್ಣೆ; ಒರಸಿ, ನೂರು ಕಿಲೋಮೀಟರು ಓಡಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಸುರಿದ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿಟ್ಟರೆ, ಹಳೆಯ ಎಂಜಿನ್ ಆಯಿಲನ್ನು ಕೊಳ್ಳುವವರಿಗೆ ಅದರೊಡನೆಯೇ ಕೊಡಬಹುದು.