ಭೋಜನ ಸಪ್ತಾಹದ ರಿಯಾಯಿತಿ: ಹೊಸ ಉಪಾಹಾರ ಗೃಹಗಳಿಗೆ ಭೇಟಿ ನೀಡುವ ಗ್ರಾಹಕರಿಗೆ ಮಾಹಿತಿ

1. ಪೀಠಿಕೆ

ನಗರದ ಹಲವು ಉಪಾಹಾರ ಗೃಹಗಳು ಒಟ್ಟುಗೂಡಿ, ನಿಗದಿತ ದಿನಗಳಲ್ಲಿ ನಿಗದಿತ ದರಕ್ಕೆ ಊಟ ನೀಡುವ ಪದ್ಧತಿಗೆ ಭೋಜನ ಸಪ್ತಾಹವೆಂದು ಹೆಸರು. 1992ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇಂತಹ ಸಪ್ತಾಹ ಆರಂಭವಾದಾಗ ಮಧ್ಯಾಹ್ನದ ಊಟದ ದರವನ್ನು ಆ ವರ್ಷದ ಅಂಕಿಗಳಂತೆಯೇ 19.92 ಡಾಲರ್ ಎಂದು ನಿಗದಿಪಡಿಸಲಾಗಿತ್ತು. ಈಗ ಭಾರತದ ಮಹಾನಗರಗಳಲ್ಲಿಯೂ ಇಂತಹ ಕೊಡುಗೆಗಳು ಸಾಮಾನ್ಯವಾಗಿವೆ. ಬೆಂಗಳೂರಿನ ಜನತೆಗೆ ಋತುಮಾನದ ಭೋಜನ ಸಂಭ್ರಮ ಹೊಸದೇನಲ್ಲ. ಅವರೆಕಾಯಿ ಸುಗ್ಗಿಯ ಕಾಲದಲ್ಲಿ ನಡೆಯುವ ಅವರೆಬೇಳೆ ಮೇಳ ಇದಕ್ಕೆ ನಿದರ್ಶನ.

ಆದರೆ ಪರಿಚಿತ ದರ್ಶಿನಿಯಲ್ಲಿ ತಿಂಡಿ ತಿನ್ನುವುದಕ್ಕೂ, ಹಿಂದೆಂದೂ ಕಾಲಿಡದ ಉಪಾಹಾರ ಗೃಹದಲ್ಲಿ ಕುಟುಂಬ ಸಮೇತ ಊಟಕ್ಕೆ ಕೂರುವುದಕ್ಕೂ ವ್ಯತ್ಯಾಸವಿದೆ. ಅಲ್ಲಿನ ದರ, ಶುಚಿತ್ವ ಹಾಗೂ ಬಿಲ್ಲಿನ ರೀತಿ ಗ್ರಾಹಕರಿಗೆ ತಿಳಿದಿರುವುದಿಲ್ಲ. ರಿಯಾಯಿತಿಯಲ್ಲಿ ಉಳಿತಾಯವಾಯಿತೆಂದು ಭಾವಿಸಿದ ಹಣವು ಬಿಲ್ಲಿನ ಕೊನೆಯ ಸಾಲುಗಳಲ್ಲಿ ಕೈಬಿಟ್ಟು ಹೋಗುವ ಸಾಧ್ಯತೆಯೂ ಇರುತ್ತದೆ. ಆದುದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಹೋಗುವ ಮುನ್ನ ಗಮನಿಸಬೇಕಾದ ಅಂಶಗಳು

ಅ) ಜಾಹೀರಾತಿನಲ್ಲಿ ತಿಳಿಸಿದ ದರವು ಎಷ್ಟು ಜನರಿಗೆ, ಯಾವ ದಿನಗಳಿಗೆ ಮತ್ತು ಯಾವ ಪದಾರ್ಥಗಳಿಗೆ ಅನ್ವಯಿಸುತ್ತದೆ, ತೆರಿಗೆಯು ಅದರಲ್ಲಿ ಸೇರಿದೆಯೇ ಎಂಬುದನ್ನು ದೂರವಾಣಿ ಮೂಲಕ ಕೇಳಿ ಖಚಿತಪಡಿಸಿಕೊಳ್ಳುವುದು.

ಆ) ಅಗ್ಗದ ದರ ತೋರಿಸಿ ಗ್ರಾಹಕರನ್ನು ಕರೆದು, ಅವರು ಬಂದ ನಂತರ ಆ ಊಟ ಮುಗಿದಿದೆಯೆಂದು ದುಬಾರಿ ಊಟದತ್ತ ತಿರುಗಿಸುವುದು ಸರಿಯಾದ ಕ್ರಮವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್ ತಿಂಗಳಲ್ಲಿ ಹೊರಡಿಸಿದ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿಗಳ ಪ್ರಕಾರ, ಪ್ರಕಟಿಸಿದ ದರಕ್ಕೆ ಪೂರೈಸುವ ಸಮಂಜಸ ಸಾಧ್ಯತೆ ಇರಬೇಕು. ಕೊಡುಗೆಗೆ ಮಿತಿಯಿದ್ದಲ್ಲಿ ಅದನ್ನು ಜಾಹೀರಾತಿನಲ್ಲಿಯೇ ತಿಳಿಸಬೇಕು.

ಇ) ಆನ್‌ಲೈನ್ ಮೂಲಕ ಮೇಜು ಕಾಯ್ದಿರಿಸುವಾಗ ಮೊದಲು ಒಂದು ದರ ತೋರಿಸಿ ಕೊನೆಯ ಹಂತದಲ್ಲಿ ಬೇರೆ ಶುಲ್ಕ ಸೇರಿಸುವುದು, ಕೇಳದ ಸೇವೆಯನ್ನು ಪಟ್ಟಿಗೆ ಸೇರಿಸುವುದು ಮುಂತಾದವುಗಳನ್ನು ಪ್ರಾಧಿಕಾರದ 2023ರ ಮಾರ್ಗಸೂಚಿಗಳಲ್ಲಿ ನಿಷೇಧಿಸಲಾಗಿದೆ. ಜಾಹೀರಾತಿನ ಹಾಗೂ ಪಾವತಿಗೆ ಮುನ್ನ ಕಾಣುವ ಪುಟದ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವುದು ಸೂಕ್ತ.

3. ಆಹಾರ ಸುರಕ್ಷತಾ ಪರವಾನಗಿ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ಪ್ರತಿಯೊಂದು ಉಪಾಹಾರ ಗೃಹವು ಪರವಾನಗಿ ಅಥವಾ ನೋಂದಣಿ ಪಡೆದು, ಅದನ್ನು ಎಲ್ಲರಿಗೂ ಕಾಣುವ ಸ್ಥಳದಲ್ಲಿ ಪ್ರದರ್ಶಿಸತಕ್ಕದ್ದು. ಇದರ ಸಂಖ್ಯೆ 14 ಅಂಕಿಗಳದ್ದಾಗಿರುತ್ತದೆ. ಮೊದಲ ಅಂಕಿ 1 ಇದ್ದಲ್ಲಿ ಪರವಾನಗಿ, 2 ಇದ್ದಲ್ಲಿ ಸಣ್ಣ ಉದ್ದಿಮೆಯ ನೋಂದಣಿ ಎಂದು ತಿಳಿಯುವುದು. 01.01.2022ರಿಂದ ಈ ಸಂಖ್ಯೆಯನ್ನು ಬಿಲ್ಲಿನಲ್ಲಿಯೂ ನಮೂದಿಸುವುದು ಕಡ್ಡಾಯವಾಗಿದೆ. ದೂರು ನೀಡುವ ಸಂದರ್ಭ ಬಂದಲ್ಲಿ ಆಹಾರ ಸುರಕ್ಷತಾಧಿಕಾರಿಗಳು ಉದ್ದಿಮೆಯನ್ನು ಗುರುತಿಸಲು ಈ ಸಂಖ್ಯೆ ನೆರವಾಗುತ್ತದೆ.

4. ಬಿಲ್ಲನ್ನು ಪರಿಶೀಲಿಸುವ ಕ್ರಮ

ಉಪಾಹಾರ ಗೃಹದ ಊಟಕ್ಕೆ ಸಾಮಾನ್ಯವಾಗಿ ಶೇ. 5ರಷ್ಟು ಸರಕು ಮತ್ತು ಸೇವಾ ತೆರಿಗೆ (ಜಿ.ಎಸ್.ಟಿ.) ಅನ್ವಯಿಸುತ್ತದೆ. ದುಬಾರಿ ಕೊಠಡಿಗಳನ್ನು ಹೊಂದಿದ ಕೆಲವು ಹೋಟೆಲುಗಳೊಳಗಿನ ಉಪಾಹಾರ ಗೃಹಗಳಲ್ಲಿ ಮಾತ್ರ ಇದು ಶೇ. 18 ಇರುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಅಥವಾ ನೋಂದಣಿ ಹೊಂದದ ಸಣ್ಣ ಹೋಟೆಲುಗಳು ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಮದ್ಯಕ್ಕೆ ಜಿ.ಎಸ್.ಟಿ. ಅನ್ವಯಿಸುವುದಿಲ್ಲ.

ಸೇವಾ ಶುಲ್ಕವು ತೆರಿಗೆಯಲ್ಲ. ಅದು ಸರ್ಕಾರಕ್ಕೆ ಸಂದಾಯವಾಗುವುದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 04.07.2022ರ ಮಾರ್ಗಸೂಚಿಗಳಂತೆ ಇದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ, ಪಾವತಿಸಲು ಒಪ್ಪದವರಿಗೆ ಪ್ರವೇಶ ಅಥವಾ ಸೇವೆಯನ್ನು ನಿರಾಕರಿಸುವಂತಿಲ್ಲ. ದೆಹಲಿ ಉಚ್ಚ ನ್ಯಾಯಾಲಯವು 28.03.2025ರಂದು ನೀಡಿದ ತೀರ್ಪಿನಲ್ಲಿ ಈ ಮಾರ್ಗಸೂಚಿಗಳನ್ನು ಎತ್ತಿಹಿಡಿದಿದೆ. ಬಡಿಸಿದ ಸಿಬ್ಬಂದಿಗೆ ಸಂತೋಷದಿಂದ ಇನಾಮು ಕೊಡುವುದು ಗ್ರಾಹಕರ ಸ್ವಂತ ಇಚ್ಛೆಗೆ ಬಿಟ್ಟ ವಿಷಯ.

ಉದಾಹರಣೆ: ಇಬ್ಬರ ಊಟದ ದರ ರೂ. 2,000, ಪ್ರಕಟಿತ ರಿಯಾಯಿತಿ ಶೇ. 20, ಅಂದರೆ ರೂ. 400. ರಿಯಾಯಿತಿಯನ್ನು ಉಪಾಹಾರ ಗೃಹವೇ ಬಿಲ್ಲಿನಲ್ಲಿ ಕಳೆದು ನೀಡಿದಲ್ಲಿ, ಉಳಿದ ರೂ. 1,600ಕ್ಕೆ ಮಾತ್ರ ತೆರಿಗೆ ಲೆಕ್ಕ ಹಾಕಬೇಕು. ತೆರಿಗೆ ರೂ. 80 (ಕೇಂದ್ರ ರೂ. 40, ರಾಜ್ಯ ರೂ. 40), ಪಾವತಿಸಬೇಕಾದ ಒಟ್ಟು ಮೊತ್ತ ರೂ. 1,680.

ಇದೇ ಬಿಲ್ಲಿಗೆ ಶೇ. 10ರ ಸೇವಾ ಶುಲ್ಕ ರೂ. 160 ಸೇರಿಸಿ, ಒಟ್ಟು ರೂ. 1,760ಕ್ಕೆ ತೆರಿಗೆ ಹಾಕಿದಲ್ಲಿ ತೆರಿಗೆ ರೂ. 88 ಆಗಿ, ಮೊತ್ತವು ರೂ. 1,848ಕ್ಕೆ ಏರುತ್ತದೆ. ಅಂದರೆ ರೂ. 400ರ ರಿಯಾಯಿತಿಯಲ್ಲಿ ರೂ. 168 ಉಪಾಹಾರ ಗೃಹದ ಬಿಲ್ಲಿಗೇ ಮರಳಿದಂತಾಯಿತು. ಸೇವಾ ಶುಲ್ಕದ ಸಾಲು ಕಂಡುಬಂದಲ್ಲಿ ಅದನ್ನು ತೆಗೆದು ಪರಿಷ್ಕೃತ ಬಿಲ್ಲು ನೀಡುವಂತೆ ಸೌಜನ್ಯದಿಂದ ಕೇಳಬಹುದು.

ಬಾಟಲಿ ನೀರಿನ ಬಗ್ಗೆ: ಹೋಟೆಲು ಮತ್ತು ಉಪಾಹಾರ ಗೃಹಗಳು ಕುಳಿತು ಊಟ ಮಾಡುವವರಿಗೆ ಬಾಟಲಿ ನೀರನ್ನು ಮುದ್ರಿತ ದರಕ್ಕಿಂತ ಹೆಚ್ಚಿಗೆ ಮಾರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಆದ್ದರಿಂದ ಬಾಟಲಿ ತೆರೆಯುವ ಮುನ್ನ ದರಪಟ್ಟಿಯನ್ನು ನೋಡುವುದು, ಬಾಟಲಿ ಬೇಡವಾದಲ್ಲಿ ಸಾಧಾರಣ ಕುಡಿಯುವ ನೀರನ್ನು ಕೇಳುವುದು.

5. ದೂರು ಸಲ್ಲಿಸುವ ವಿಧಾನ

ಅ) ಮೊದಲು ಉಪಾಹಾರ ಗೃಹದ ವ್ಯವಸ್ಥಾಪಕರ ಗಮನಕ್ಕೆ ತರುವುದು. ಬಹುಪಾಲು ವಿವಾದಗಳನ್ನು ಈ ಹಂತದಲ್ಲಿಯೇ ಇತ್ಯರ್ಥಪಡಿಸಿಕೊಳ್ಳಬಹುದು.

ಆ) ಬಗೆಹರಿಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915ಕ್ಕೆ ಕರೆ ಮಾಡಿ ದೂರು ದಾಖಲಿಸುವುದು.

ಇ) ಆಹಾರದ ಶುಚಿತ್ವ ಅಥವಾ ಗುಣಮಟ್ಟದ ದೂರುಗಳನ್ನು ಆಹಾರ ಸುರಕ್ಷತಾಧಿಕಾರಿಗಳಿಗೆ ನೀಡಬಹುದು. 2006ರ ಕಾಯ್ದೆಯ 40ನೇ ಪ್ರಕರಣದಂತೆ, ಖರೀದಿಸಿದವರೇ ನಿಗದಿತ ಶುಲ್ಕ ಪಾವತಿಸಿ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು ಅವಕಾಶವಿದೆ. ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಉದ್ದಿಮೆದಾರರಿಗೆ ತಿಳಿಸಿರಬೇಕು.

ಈ) ಪರಿಹಾರ ಕೋರುವವರು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ತಾವು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಅವಕಾಶವಿದೆ. ಘಟನೆ ನಡೆದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ.

6. ದೂರಿನೊಂದಿಗೆ ಇರಬೇಕಾದ ದಾಖಲೆಗಳು

(1) ಬಿಲ್ಲು, (2) ಹಣ ಪಾವತಿಸಿದ ವಿವರ, (3) ಜಾಹೀರಾತು ಅಥವಾ ಕಾಯ್ದಿರಿಸಿದ ಪುಟದ ಪ್ರತಿ, (4) ದರಪಟ್ಟಿಯ ಛಾಯಾಚಿತ್ರ, (5) ಆರೋಗ್ಯಕ್ಕೆ ತೊಂದರೆಯಾಗಿದ್ದಲ್ಲಿ ವೈದ್ಯರ ಚೀಟಿ.

ಬಿಲ್ಲು ನೀಡಲು ನಿರಾಕರಿಸುವುದು 2019ರ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ಬಿಲ್ಲಿಲ್ಲದೆ ದೂರನ್ನು ಸಾಬೀತುಪಡಿಸುವುದು ಕಷ್ಟ. ಆದ್ದರಿಂದ ಮೊತ್ತ ಎಷ್ಟೇ ಚಿಕ್ಕದಿದ್ದರೂ ಬಿಲ್ಲು ಪಡೆದು ಜೋಪಾನವಾಗಿ ಇಟ್ಟುಕೊಳ್ಳುವುದು.

7. ಸಾರ್ವಜನಿಕರಲ್ಲಿ ಕೋರಿಕೆ

ಮೇಜು ಕಾಯ್ದಿರಿಸಿ ಹೋಗಲಾಗದಿದ್ದಲ್ಲಿ ಮುಂಚಿತವಾಗಿ ತಿಳಿಸುವುದು ಗ್ರಾಹಕರ ಜವಾಬ್ದಾರಿಯಾಗಿದೆ. ಹೊಸದಾಗಿ ಆರಂಭವಾದ ಸಣ್ಣ ಉಪಾಹಾರ ಗೃಹಗಳಿಗೆ ಖಾಲಿ ಉಳಿದ ಒಂದು ಮೇಜು, ವ್ಯರ್ಥವಾದ ಒಂದು ಹೊತ್ತಿನ ಅಡುಗೆ ಗಣನೀಯ ನಷ್ಟವನ್ನುಂಟುಮಾಡುತ್ತದೆ. ಹೊಸ ರುಚಿಯನ್ನು ಸವಿಯುವ ಗ್ರಾಹಕರೂ, ಅದನ್ನು ಪ್ರಾಮಾಣಿಕವಾಗಿ ಒದಗಿಸುವ ಉದ್ದಿಮೆದಾರರೂ ಪರಸ್ಪರ ಸಹಕರಿಸಿ ಇಂತಹ ಸಪ್ತಾಹಗಳ ಪ್ರಯೋಜನ ಪಡೆಯಬೇಕೆಂದು ಕೋರಲಾಗಿದೆ.