ಇಂಧನಗಳ ಜಮಾ-ಖರ್ಚು

ಹೊಸ ಗಾಡಿ ಕೊಳ್ಳುವ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಪೆಟ್ರೋಲೋ, ಡೀಸೆಲೋ, ಗ್ಯಾಸೋ, ವಿದ್ಯುತ್ತೋ? ದುಡ್ಡಿನ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಭೂಮಿಯ ಕಾವು ಏರುತ್ತಿರುವ ಈ ದಿನಗಳಲ್ಲಿ ಇಂಗಾಲದ ಲೆಕ್ಕವನ್ನೂ ಹಾಕಬೇಡವೆ? ನಮ್ಮ ಮಕ್ಕಳು ಬಾಳಬೇಕಾದದ್ದು ಇದೇ ಭೂಮಿಯ ಮೇಲೆ. ಕಚೇರಿಯ ಪುಸ್ತಕದಂತೆ ಇಲ್ಲಿಯೂ ಒಂದೇ ಪುಟ ನೋಡಿ ಶಿಲ್ಕು ಹೇಳಲಾಗದು.

ಒಂದು ಲೀಟರ್ ಪೆಟ್ರೋಲ್ ತೂಗುವುದು ಸುಮಾರು ಮುಕ್ಕಾಲು ಕಿಲೋ. ಆದರೆ ಉರಿಯುವಾಗ ಅದು ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಂಡು ಸುಮಾರು ೨.೩ ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಭೂಮಿಯ ಕಾವನ್ನು ಹೊರಹೋಗಗೊಡದ ಅನಿಲ ಇದೇ. ಡೀಸೆಲಿನದು ಸುಮಾರು ೨.೭ ಕಿಲೋ, ಆದರೆ ಲೀಟರಿಗೆ ಡೀಸೆಲ್ ಗಾಡಿ ಹೆಚ್ಚು ದೂರ ಓಡುವುದರಿಂದ ಕೊನೆಯಲ್ಲಿ ಅಂತರ ಅಲ್ಪ.

ದೆಹಲಿಯವರಿಗೆ ಸಿ.ಎನ್.ಜಿ. ಹೊಸತಲ್ಲ. ೧೯೯೮ರಲ್ಲಿ ಸುಪ್ರೀಂ ಕೋರ್ಟು ನೀಡಿದ ಆಜ್ಞೆಯಂತೆ ೨೦೦೨ರ ಕೊನೆಯ ಹೊತ್ತಿಗೆ ಅಲ್ಲಿನ ಸಿಟಿ ಬಸ್ಸುಗಳು ಈ ಗ್ಯಾಸಿಗೆ ಬದಲಾದವು. ಬಸ್ಸುಗಳ ಕರಿಹೊಗೆ ತಗ್ಗಿತು. ಅಷ್ಟೇ ಶಾಖಕ್ಕೆ ಇದು ಬಿಡುವ ಇಂಗಾಲ ಡೀಸೆಲಿಗಿಂತ ಸುಮಾರು ಕಾಲುಭಾಗ ಕಡಿಮೆ. ಆದರೆ ಇದರಲ್ಲಿರುವುದು ಮುಖ್ಯವಾಗಿ ಮೀಥೇನ್. ಅದು ಉರಿಯದೆ ಸೋರಿಹೋದರೆ, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ೨೫ ಪಟ್ಟಿಗೂ ಮಿಕ್ಕಿ ಕಾವು ಹಿಡಿಯುತ್ತದೆ. ಬಾವಿಯಿಂದ ಬಂಕಿನವರೆಗೆ ಸೋರಿಕೆ ಹೆಚ್ಚಿದರೆ ಉಳಿತಾಯವೆಲ್ಲ ಕರಗಿಹೋಗುವುದು.

ಇನ್ನು ಕಬ್ಬು, ಧಾನ್ಯಗಳಿಂದ ತೆಗೆಯುವ ಎಥನಾಲ್. ೨೦೨೫ರಲ್ಲಿ ಭಾರತದ ಪೆಟ್ರೋಲಿನಲ್ಲಿ ಅದರ ಪಾಲು ಶೇಕಡಾ ೨೦ಕ್ಕೆ ಮುಟ್ಟಿತು. ಉರಿದಾಗ ಹೊರಬರುವ ಇಂಗಾಲ ಪೈರು ಗಾಳಿಯಿಂದಲೇ ಪಡೆದದ್ದಾದ್ದರಿಂದ ಜಮಾ-ಖರ್ಚು ಸರಿಹೋಯಿತೆನ್ನಬಹುದು. ಆದರೆ ಗೊಬ್ಬರ, ನೀರೆತ್ತುವ ಪಂಪು, ಬಟ್ಟಿ ಇಳಿಸುವ ಉರಿ, ಇವೂ ಖರ್ಚಿನ ಪುಟಕ್ಕೆ ಸೇರಬೇಕು. ಆ ಉರಿ ಕಬ್ಬಿನ ಸಿಪ್ಪೆಯದಾದರೆ ಲಾಭ. ಕಲ್ಲಿದ್ದಲಿನದಾದರೆ ಲಾಭ ಕುಗ್ಗುತ್ತದೆ.

ಗಿಡಮರಗಳ ಎಣ್ಣೆಯಿಂದ ಡೀಸೆಲನ್ನೂ ತಯಾರಿಸುತ್ತಾರೆ. ಇಂಡೊನೇಷ್ಯದಲ್ಲಿ ಕಾಡು ಕಡಿದು, ಜೌಗುನೆಲ ಬಸಿದು ಬೆಳೆಸಿದ ತಾಳೆಯ ಎಣ್ಣೆಯಾದರೆ, ನೆಲದಲ್ಲಿ ಹುದುಗಿದ್ದ ಇಂಗಾಲವೂ ಹೊರಬಿದ್ದು, ಅದು ಸಾಮಾನ್ಯ ಡೀಸೆಲಿಗಿಂತ ಕೇಡು. ಕರಿದು ಉಳಿದ ಎಣ್ಣೆಗೆ ಬೇರೆ ಹೊಲವೇ ಬೇಡ. ನಮ್ಮ ಹಿರಿಯರು ದೀಪಕ್ಕೆ ಹಾಕುತ್ತಿದ್ದ ಹೊಂಗೆಯೆಣ್ಣೆಯೂ ಇದಕ್ಕೆ ಆಗುತ್ತದೆ. ಹೊಂಗೆ ಹೊಲದ ಬದುವಿನಲ್ಲಿಯೂ ಬೆಳೆಯುವ ಮರ.

ವಿದ್ಯುತ್ ಗಾಡಿಗೆ ಹೊಗೆಕೊಳವೆಯೇ ಇಲ್ಲ, ನಿಜ. ಆದರೆ ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದು. ಬಿಸಿಲು, ಗಾಳಿಗಳ ಪಾಲು ಏರಿದಂತೆ ಅದರ ಲೆಕ್ಕ ಸುಧಾರಿಸುವುದು.

ಆದ್ದರಿಂದ ಇಂಧನದ ಹೆಸರನ್ನಷ್ಟೇ ನೋಡದೆ, ಅದು ಎಲ್ಲಿಂದ, ಹೇಗೆ ಬಂತೆಂದು ಕೇಳಬೇಕು. ಮನೆಯ ಮಟ್ಟಿಗೆ ಹೇಳುವುದಾದರೆ, ಕರಿದ ಎಣ್ಣೆಯನ್ನು ಮೋರಿಗೆ ಸುರಿಯದೆ, ಸಂಗ್ರಹಿಸುವವರಿದ್ದಲ್ಲಿ ಕೊಡೋಣ. ಸಂಘದ ಸಮಾರಂಭಕ್ಕೆ ನಾಲ್ಕು ಮನೆಯವರು ನಾಲ್ಕು ಕಾರುಗಳಲ್ಲಿ ಬರುವ ಬದಲು ರೈಲನ್ನೋ ಬಸ್ಸನ್ನೋ ಹಿಡಿಯೋಣ. ಯಾವ ಇಂಧನವೇ ಆಗಲಿ, ಕಡಿಮೆ ಉರಿಸಿದಷ್ಟೂ ಉಳಿತಾಯ.